ಸ್ಪಷ್ಟನೆ: ನ್ಯಾನೋ ಪುಡಿ ಬೆರೆಸಿದರೆ ಮೇಣದ ಶಾಖ ಸಂಗ್ರಹ ಹೆಚ್ಚುವುದಿಲ್ಲ

ಶಾಖ ಕೂಡಿಡಲು ಬಳಸುವ ಮೇಣದ ಬಗ್ಗೆ, ‘ಪ್ಯಾರಾಫಿನ್ ಮೇಣಕ್ಕೆ ಚೂರು ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ನ್ಯಾನೋ ಪುಡಿ ಹಾಕಿ, ಎರಡು ಪಟ್ಟು ಶಾಖ ಹಿಡಿದಿಡುತ್ತದೆ, ಅರ್ಧ ಹೊತ್ತಿನಲ್ಲಿ ಕರಗುತ್ತದೆ’ ಎಂಬ ಮಾತು ಹರಿದಾಡುತ್ತಿದೆ. ಮೊದಲನೆಯದು ತಪ್ಪು, ಎರಡನೆಯದು ಉತ್ಪ್ರೇಕ್ಷೆ.

ಕರಗುತ್ತಾ ಶಾಖ ಹೀರುವುದು ಮೇಣ ಮಾತ್ರ, ಪುಡಿ ಕರಗುವುದೇ ಇಲ್ಲ. ಕೆಜಿಗೆ ಸುಮಾರು 200 ಕಿಲೋಜೂಲ್ ಸುಪ್ತೋಷ್ಣವಿರುವ (ಕರಗುವಾಗ ಹೀರುವ ಶಾಖ) ಮೇಣದಲ್ಲಿ ತೂಕದ ಶೇ 5ರಷ್ಟು ಪುಡಿ ಸೇರಿದರೆ ಉಳಿಯುವುದು 190.

ಇನ್ನು ವೇಗ. ಮೇಣದ ಉಷ್ಣವಾಹಕತೆ ಬಹಳ ಕಡಿಮೆ, ಮೀಟರ್-ಕೆಲ್ವಿನ್‌ಗೆ ಸುಮಾರು 0.2 ವ್ಯಾಟ್. ಅಲ್ಯೂಮಿನಾ ಕರಗಿದ ಮೇಣಕ್ಕಿಂತ ಐದು ಪಟ್ಟು ಸಾಂದ್ರ; ಹಾಗಾಗಿ ತೂಕದ ಶೇ 5 ಎಂದರೆ ಗಾತ್ರದಲ್ಲಿ ಬರೀ ಶೇ 1. ಗುಂಡು ಕಣಗಳು ಬೆರೆತ ಮಿಶ್ರಣದ ವಾಹಕತೆ ಅಂದಾಜಿಸುವ ಮ್ಯಾಕ್ಸ್‌ವೆಲ್ ಸೂತ್ರ ಹಾಕಿದರೆ ವಾಹಕತೆ ಏರುವುದು ಶೇ 3ರ ಆಸುಪಾಸು. ಅದೇ ಹೊತ್ತಿಗೆ ದ್ರವ ಮಂದವಾಗಿ, ಬಿಸಿ ಮೇಣ ಮೇಲೇರುವ ಸಹಜ ಸುತ್ತಾಟ ಕುಗ್ಗುತ್ತದೆ. ಪುಡಿ ಅತಿಯಾದರೆ ಕರಗುವುದೇ ನಿಧಾನವಾದೀತು!

ಚಮಚದಲ್ಲಿ ಕಲಕಿದರೆ ಕಣಗಳು ಗಂಟುಕಟ್ಟುತ್ತವೆ. ಮೇಣವನ್ನು 70 ಡಿಗ್ರಿಯಲ್ಲಿ ಕರಗಿಸಿಟ್ಟುಕೊಂಡು, ಓಲಿಯಿಕ್ ಆಮ್ಲದಂಥ ಸರ್ಫ್ಯಾಕ್ಟೆಂಟ್ (ಕಣಗಳು ಅಂಟಿಕೊಳ್ಳದಂತೆ ತಡೆಯುವ ವಸ್ತು) ಸೇರಿಸಿ, ಶ್ರವಣಾತೀತ ಧ್ವನಿಯಿಂದ ಕಂಪಿಸುವ ಅಲ್ಟ್ರಾಸಾನಿಕ್ ಪ್ರೋಬ್‌ನಿಂದ ಚದುರಿಸಬೇಕು. ಆದರೂ ಪದೇಪದೇ ಕರಗಿ ಗಟ್ಟಿಯಾದಂತೆ ಪುಡಿ ತಳ ಸೇರುತ್ತದೆ: ಗಟ್ಟಿಯಾದ ಮೇಣವನ್ನು ಉದ್ದಕ್ಕೆ ಸೀಳಿದರೆ ಅಡಿಯಲ್ಲಿ ಸುಣ್ಣದಂಥ ಬಿಳಿ ಪದರ ಕಾಣುತ್ತದೆ.

ವೇಗವೇ ಬೇಕಿದ್ದರೆ ಮೇಣದೊಳಗೆ ಅಲ್ಯೂಮಿನಿಯಂ ರೆಕ್ಕೆಗಳನ್ನು (ಶಾಖ ಹರಡುವ ತೆಳು ಪಟ್ಟಿಗಳು) ಕೂರಿಸಿ, ಇಲ್ಲವೇ ಹಿಗ್ಗಿಸಿದ, ರಂಧ್ರಮಯ ಗ್ರಾಫೈಟ್‌ಗೆ ಮೇಣ ಕುಡಿಸಿ. ಗ್ರಾಫೈಟ್‌ನ ಎಳೆಗಳು ಒಂದಕ್ಕೊಂದು ತಾಗಿ ಶಾಖಕ್ಕೆ ನೇರ ದಾರಿಯಾಗುತ್ತವೆ; ಬಿಡಿಬಿಡಿಯಾಗಿ ತೇಲುವ ಕಣಗಳಿಗೆ ಆ ಅನುಕೂಲವಿಲ್ಲ.