ತೆರಿಗೆ ಉಳಿಸುವ ಕ್ರೀಮ್ ಬನ್: ಮಾಡುವ ವಿಧಾನ

2024ರ ಸೆಪ್ಟೆಂಬರಿನಲ್ಲಿ ಕೊಯಮತ್ತೂರಿನ ಸಭೆಯೊಂದರಲ್ಲಿ ಹೋಟೆಲ್ ಮಾಲೀಕರೊಬ್ಬರು ಹಣಕಾಸು ಸಚಿವರ ಮುಂದೆ ಗೋಳು ತೋಡಿಕೊಂಡರು. ಬನ್ನಿಗೆ ಜಿಎಸ್‌ಟಿ ಇಲ್ಲ, ಒಳಗೆ ಕ್ರೀಮ್ ಹೋದರೆ ಶೇ 18. ಗಿರಾಕಿಗಳು ಎರಡನ್ನೂ ಬೇರೆ ಬೇರೆ ಕೊಡಿ, ನಾವೇ ಹಚ್ಚಿಕೊಳ್ಳುತ್ತೇವೆ ಅನ್ನುತ್ತಾರಂತೆ. ದೇಶವೆಲ್ಲ ನಕ್ಕಿತು. ಹಚ್ಚಿಕೊಳ್ಳುವುದು ಹೇಗೆಂದು ಮಾತ್ರ ಆ ಗಿರಾಕಿಗೆ ಯಾರೂ ಹೇಳಿಕೊಡಲಿಲ್ಲ.

ಕನಿಷ್ಠ ಶೇ 35 ಕೊಬ್ಬಿರುವ ಕ್ರೀಮ್ 200 ಮಿ.ಲೀ. ತನ್ನಿ. ಶೇ 25ರದ್ದು ಗ್ರೇವಿಗೆ ಸರಿ, ಎಷ್ಟು ಕಡೆದರೂ ಅದು ಎದ್ದು ನಿಲ್ಲುವುದಿಲ್ಲ. ಕ್ರೀಮ್, ಪಾತ್ರೆ, ಬೀಟರ್ ಮೂರೂ ಫ್ರಿಜ್ಜಿನಲ್ಲಿ ತಣ್ಣಗಿರಲಿ. ಗಾಳಿಯ ಗುಳ್ಳೆಗಳನ್ನು ಹಿಡಿದಿಡುವುದು ಗಟ್ಟಿಯಾದ ಕೊಬ್ಬಿನ ಕಣಗಳು. ಬೆಚ್ಚಗಾದರೆ ಅವು ಕರಗಿ ಗುಳ್ಳೆ ಒಡೆಯುತ್ತವೆ. ಇಲ್ಲಿಯವರೆಗೆ ನೀವು ಸುರಕ್ಷಿತ: ಪಾಶ್ಚರೀಕರಿಸಿದ, ಸಕ್ಕರೆ ಸೇರದ ಕ್ರೀಮ್ ಜಿಎಸ್‌ಟಿ ಪಟ್ಟಿಯ 0401ನೇ ಶೀರ್ಷಿಕೆಯಡಿ ಬರುತ್ತದೆ, ತೆರಿಗೆ ಸೊನ್ನೆ.

ಬೀಟರ್ ಎತ್ತಿದಾಗ ತುದಿ ಮೆತ್ತಗೆ ಬಾಗುವ ಹದಕ್ಕೆ 20 ಗ್ರಾಂ ಪುಡಿಸಕ್ಕರೆ ಹಾಕಿ. ಹಾಕಿದ ಕ್ಷಣವೇ ಅದು 0402, ಶೇ 5. ಸಕ್ಕರೆಯನ್ನು ಗಿರಾಕಿಯೇ ಜೇಬಿನಲ್ಲಿ ತಂದರೆ ಒಳ್ಳೆಯದು. ತುದಿ ನೆಟ್ಟಗೆ ನಿಂತ ಕೂಡಲೇ ಕೈ ನಿಲ್ಲಿಸಿ. ಮಾತಿನಲ್ಲಿ ಮೈಮರೆತು ಇನ್ನರ್ಧ ನಿಮಿಷ ಕಡೆದಿರೋ, ಕೊಬ್ಬು ಒಂದಕ್ಕೊಂದು ಅಂಟಿ ತರಿತರಿಯಾಗಿ, ನೀರು ಬಿಟ್ಟು ಬೆಣ್ಣೆಯಾಗುತ್ತದೆ. ಆ ದಿನಗಳಲ್ಲಿ ಬೆಣ್ಣೆಗೆ ಶೇ 12. ಒಂದೇ ಪಾತ್ರೆಯಲ್ಲಿ ಐದು ನಿಮಿಷದೊಳಗೆ ಮೂರು ದರ ದಾಟುವ ಯೋಗ ದೊಡ್ಡ ದೊಡ್ಡ ಲೆಕ್ಕಪರಿಶೋಧಕರಿಗೂ ಸಿಕ್ಕಿರಲಾರದು.

ಬನ್ ಪೂರ್ತಿ ಆರಿರಬೇಕು. ಬಿಸಿ ಬನ್ನಿಗೆ ತುಂಬಿದರೆ ಕ್ರೀಮ್ ಕರಗಿ ಹಾಲಾಗಿ ಇಳಿದು ತಳವೆಲ್ಲ ಹಸಿಹಸಿ. ಒಂದಕ್ಕೆ 30 ಗ್ರಾಂ ಸಾಕು. ಎರಡು ಹೋಳನ್ನೂ ಮುಚ್ಚುವ ಮುನ್ನ ಸುತ್ತಮುತ್ತ ಒಮ್ಮೆ ನೋಡಿಕೊಳ್ಳಿ.

ಸಿಹಿ ಸೋಕಿದರೆ ಜಾತಿ ಕೆಡುತ್ತದೆ ಎಂಬ ಈ ಮಡಿ ಬನ್ನಿಗಷ್ಟೇ ಅಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಪಾಪ್‌ಕಾರ್ನಿಗೂ ಕುಲಗೋತ್ರ ಬರೆಯಿತು: ಉಪ್ಪು-ಖಾರದ್ದು ಬಿಡಿಯಾಗಿದ್ದರೆ ಶೇ 5, ಲೇಬಲ್ ಹಚ್ಚಿದ ಪೊಟ್ಟಣದಲ್ಲಿದ್ದರೆ 12, ಕ್ಯಾರಮೆಲ್ ಸವರಿದ್ದಕ್ಕೆ 18. ಸಕ್ಕರೆ ಸೇರಿದರೆ ಅದು ಮಿಠಾಯಿಯಂತೆ. ಒಲೆಯ ಮುಂದೆ ನಿಂತವರಿಗೆ ಗೊತ್ತು, ಸಕ್ಕರೆ ಜಾತಿ ಬದಲಿಸುವುದು ಬಿಸಿಯಲ್ಲಿ. 115 ಡಿಗ್ರಿಯ ಆಸುಪಾಸಿನಲ್ಲಿ ತಣ್ಣೀರಿಗೆ ಹಾಕಿದರೆ ಮೆತ್ತನೆಯ ಉಂಡೆ; 150ರ ಹತ್ತಿರ ಪಟ್ಟನೆ ಮುರಿಯುವ ಗಟ್ಟಿ ಪಾಕ. ಪಾಪ್‌ಕಾರ್ನಿಗೆ ಬೇಕಾದದ್ದು ಎರಡನೆಯದು. ಮೊದಲೇ ಇಳಿಸಿದರೆ ಪಾಕದಲ್ಲಿ ನೀರು ಉಳಿದು ಕಾಳುಗಳು ಹಲ್ಲಿಗಂಟುತ್ತವೆ. ಹಲ್ಲಿಗಂಟುವ ಮಾಲಿಗೂ ಗರಿಗರಿ ಮಾಲಿಗೂ ಮಂಡಳಿ ಪ್ರತ್ಯೇಕ ದರ ಹೇಳಲಿಲ್ಲ. ಥರ್ಮಾಮೀಟರ್ ಒದಗಿಸಿದ್ದರೆ ಹೇಳುತ್ತಿತ್ತೇನೋ.

2025ರ ಸೆಪ್ಟೆಂಬರ್ 22ರಿಂದ ಬೆಣ್ಣೆ, ಪೇಸ್ಟ್ರಿ (ಕ್ರೀಮ್ ಬನ್ನೂ ಇದೇ ಗುಂಪು), ಮಿಠಾಯಿ ಎಲ್ಲ ಶೇ 5ಕ್ಕೆ ಇಳಿದಿವೆ. ಬ್ರೆಡ್ಡಿಗೆ ಈಗಲೂ ಸೊನ್ನೆ. ಹಾಗಾಗಿ ಐದು ಪೈಸೆಯ ಆಸೆಯಿರುವವರು ಚಮಚ ಬಿಸಾಡಬೇಡಿ. ಬಿಲ್ ಬರುವವರೆಗೆ ಕ್ರೀಮಿನ ಬಟ್ಟಲು ಐಸಿನ ಮೇಲಿರಲಿ.