ಪರ-ವಿರೋಧ: ಪ್ರಧಾನಿಯ ಬಾಯ್ತಪ್ಪು ಗಾದೆಯಾದರೆ ಒಳಿತೇ?

ಪರ

‘ಒಳ್ಳೆಯದಾಗಲೆಂದೇ ಮಾಡಿದೆವು, ಆದದ್ದು ಮಾತ್ರ ಎಂದಿನಂತೆಯೇ.’ 1993ರ ಆಗಸ್ಟ್ 6ರಂದು ರಷ್ಯಾದ ಪ್ರಧಾನಿ ವಿಕ್ತೋರ್ ಚೆರ್ನೊಮಿರ್ದಿನ್ ಪತ್ರಿಕಾಗೋಷ್ಠಿಯಲ್ಲಿ ಆಡಿದ ಈ ಮಾತು ಇಂದು ಆ ದೇಶದಲ್ಲಿ ಗಾದೆಯೇ ಆಗಿದೆ. ರಿಪೇರಿಯಾದ ನಲ್ಲಿ ಮತ್ತೆ ಸೋರಿದರೂ, ಹೊಸ ಕಾನೂನು ಹಳೆಯ ಗೊಂದಲವನ್ನೇ ತಂದರೂ ಜನರ ಬಾಯಿಗೆ ಬರುವುದು ಇದೇ.

ಮಾತು ನೋಟು ರದ್ದತಿಯ ಬಗ್ಗೆ. ಅದಕ್ಕೆ ಎರಡು ವಾರ ಮೊದಲು, ಜುಲೈ 24ರ ಶನಿವಾರ, 1961ರಿಂದ 1992ರವರೆಗಿನ ನೋಟುಗಳು ಸೋಮವಾರದಿಂದ ನಡೆಯುವುದಿಲ್ಲವೆಂದು ಕೇಂದ್ರ ಬ್ಯಾಂಕ್ ಪ್ರಕಟಿಸಿತ್ತು; ತಲೆಗೆ 35,000 ರೂಬಲ್, ಅಂದರೆ ಆಗಿನ ದರದಲ್ಲಿ ಸುಮಾರು 35 ಡಾಲರ್, ಮಾತ್ರ ಬದಲಿಸಿಕೊಳ್ಳಬಹುದಿತ್ತು. ಗದ್ದಲವೆದ್ದ ಮೇಲೆ ಅಧ್ಯಕ್ಷ ಯೆಲ್ತ್ಸಿನ್ ಮಿತಿಯನ್ನು ಒಂದು ಲಕ್ಷಕ್ಕೇರಿಸಿ, ಗಡುವನ್ನು ಆಗಸ್ಟ್ ಕೊನೆಯವರೆಗೆ ವಿಸ್ತರಿಸಬೇಕಾಯಿತು. ಇಂಥ ಎಡವಟ್ಟಿನ ನಂತರ ಸೋವಿಯತ್ ಕಾಲದ ನಾಯಕನಾದರೆ ಬರೆದು ತಂದ ಹಾಳೆಯಿಂದ ಸಾಧನೆಗಳ ಪಟ್ಟಿಯನ್ನು ಓದಿ ಹೋಗುತ್ತಿದ್ದ. ಅನಿಲ ಉದ್ಯಮದಲ್ಲಿ ಬೆಳೆದು, ಗಾಜ್‌ಪ್ರೋಮ್ ಎಂಬ ಅನಿಲ ಕಂಪನಿ ಕಟ್ಟಿ ರಾಜಕೀಯಕ್ಕೆ ಬಂದ ಚೆರ್ನೊಮಿರ್ದಿನ್ ಅವರಿಗೆ ವಾಕ್ಯ ಹೊಂದಿಸುವ ಕಲೆ ಒಲಿದಿರಲಿಲ್ಲವಾದ್ದರಿಂದಲೇ, ಯಾವ ಸಲಹೆಗಾರನೂ ಬರೆದುಕೊಡದ ನಿಜ ಅವರ ಬಾಯಿಂದ ಹೊರಬಿತ್ತು. ಜನ ಅದನ್ನು ಎತ್ತಿಕೊಂಡು ಆಳುವವರಿಗೇ ತಿರುಗಿಸಿದರು. ನಗೆಯಿಂದ ಚೆರ್ನೊಮಿರ್ದಿನ್ ಅವರಿಗೆ ಪುಕ್ಕಟೆ ಕ್ಷಮೆ ಸಿಕ್ಕಿತೆಂಬ ಆಕ್ಷೇಪವೂ ನಿಲ್ಲುವುದಿಲ್ಲ: 1995ರ ಡಿಸೆಂಬರ್ ಚುನಾವಣೆಯಲ್ಲಿ, ಅವರೇ ಪ್ರಧಾನಿಯಾಗಿದ್ದೂ, ಅವರ ‘ನಮ್ಮ ಮನೆ ರಷ್ಯಾ’ ಕೂಟಕ್ಕೆ ದಕ್ಕಿದ್ದು ಶೇಕಡಾ 10ರಷ್ಟು ಮತ.

ವಿರೋಧ

ಆ ಪ್ರಸಿದ್ಧ ವಾಕ್ಯದಲ್ಲಿ ಒಳಿತು ಬಯಸಿದವರು ಯಾರು, ಕೆಡಿಸಿದವರು ಯಾರು ಎಂಬುದಕ್ಕೆ ಜಾಗವೇ ಇಲ್ಲ. ‘ಎಂದಿನಂತೆ’ ಎಂದೊಡನೆ ಒಂದು ಸರ್ಕಾರದ ತಪ್ಪು ಇಡೀ ದೇಶದ ಹಣೆಬರಹವಾಗಿಬಿಡುತ್ತದೆ. ಬೇಸಿಗೆ ರಜೆಯಲ್ಲಿ ಊರಾಚೆ ಇದ್ದು ಕೈಯಲ್ಲಿನ ನೋಟು ನಡೆಯದೆ ಪರದಾಡಿದವರೂ, ಬ್ಯಾಂಕುಗಳೆದುರು ಸರದಿ ನಿಂತವರೂ ಹಿಂದೆ ಸರಿದು, ಮಾತಿನ ಚಮತ್ಕಾರ ಮಾತ್ರ ಉಳಿಯಿತು. ಅದನ್ನು ಇಂದು ಆಡುವವರಿಗೆ ನೋಟು ರದ್ದತಿಯ ಕಥೆ ತಿಳಿದಿರಬೇಕಾಗಿಯೂ ಇಲ್ಲ. ಇದನ್ನು ಜನರ ಗೆಲುವೆಂದು ಕರೆಯುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಇದಕ್ಕಿಂತ ಕಟುವಾದ ಉದಾಹರಣೆಯೂ ಅವರದೇ. 1995ರ ಜೂನ್‌ನಲ್ಲಿ ರಷ್ಯಾದಿಂದ ಬೇರೆಯಾಗಲು ಹೋರಾಡುತ್ತಿದ್ದ ಚೆಚೆನ್ ಬಂಡುಕೋರ ಶಮಿಲ್ ಬಸಾಯೆವ್‌ನ ತಂಡ ದಕ್ಷಿಣ ರಷ್ಯಾದ ಬುದ್ಯೊನ್ನೊವ್ಸ್ಕ್ ಪಟ್ಟಣದ ಆಸ್ಪತ್ರೆಗೆ ನುಗ್ಗಿ ಸಾವಿರಕ್ಕೂ ಹೆಚ್ಚು ಜನರನ್ನು ಒತ್ತೆಯಿರಿಸಿಕೊಂಡಿತು. ಯೆಲ್ತ್ಸಿನ್ ಕೆನಡಾದ ಶೃಂಗಸಭೆಯಲ್ಲಿದ್ದರು. ಪಡೆಗಳ ದಾಳಿ ವಿಫಲವಾದ ಮೇಲೆ ಚೆರ್ನೊಮಿರ್ದಿನ್ ಟಿವಿ ಕ್ಯಾಮೆರಾಗಳ ಎದುರೇ ಬಸಾಯೆವ್‌ನೊಂದಿಗೆ ಫೋನಿನಲ್ಲಿ ಮಾತಿಗಿಳಿದರು. ಸರಿಯಾಗಿ ಕೇಳಿಸದೆ ‘ಶಮಿಲ್ ಬಸಾಯೆವ್, ಜೋರಾಗಿ ಮಾತಾಡಿ’ ಎಂದದ್ದು ಅಂದಿನಿಂದ ನಗೆಮಾತಾಗಿ ಓಡಾಡುತ್ತಿದೆ. ಆ ಘಟನೆಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಉಳಿದ ಒತ್ತೆಯಾಳುಗಳು ಜೀವಸಹಿತ ಹೊರಬಂದದ್ದು ಆ ಮಾತುಕತೆಯಿಂದ. ಬಸಾಯೆವ್ ತಪ್ಪಿಸಿಕೊಂಡು ಹೋದದ್ದೂ ಅದರಿಂದಲೇ. ನನ್ನ ದೃಷ್ಟಿಯಲ್ಲಿ ಚೆರ್ನೊಮಿರ್ದಿನ್ ಕೈಗೊಂಡ ಅತ್ಯಂತ ಮಾನವೀಯ ನಿರ್ಧಾರ ಅದು, ಬೇರೆಯವರಿಗೆ ಅದೇ ಶರಣಾಗತಿಯಾಗಿ ಕಂಡಿತು. ಒತ್ತೆಯಿಟ್ಟವರೊಂದಿಗೆ ಸರ್ಕಾರ ಚೌಕಾಸಿಗೆ ಕೂರಬಹುದೇ, ವಿಫಲ ದಾಳಿಗೆ ಹೊಣೆ ಯಾರು ಎಂಬ ಪ್ರಶ್ನೆಗಳೆಲ್ಲ ಆ ಫೋನ್ ಕರೆಗೆ ಅಂಟಿಕೊಂಡೇ ಇದ್ದವು. ಲೈನ್ ಸರಿಯಿಲ್ಲದಾಗ ಆ ನಗೆಮಾತನ್ನು ಆಡುವವರಿಗೆ ಅವುಗಳ ಗೊಡವೆ ಇಲ್ಲ.