ಪೇಟೆ ಬೀದಿಯಲ್ಲಿ ಕಾರ್ನಿವಲ್: ಬೇಕಾ, ಬೇಡವಾ?

ಪರ: ವರ್ಷಕ್ಕೊಂದು ರಾತ್ರಿ ಬೀದಿ ನಮಗೂ ಇರಲಿ

ನಮ್ಮ ಕಾಸರಗೋಡಿನಲ್ಲಿ ಮೌನ ಯಾವಾಗಿನಿಂದ ಸಂಸ್ಕೃತಿ ಆಯಿತು ಹೇಳಿ? ಜನವರಿಯಲ್ಲಿ ಕುಂಬಳೆ ಜಾತ್ರೆಯ ಬೆಡಿ, ಅಂದರೆ ಸಿಡಿಮದ್ದು, ಹೊಡೆದರೆ ಎಷ್ಟೋ ದೂರದ ಮನೆಗಳ ಕಿಟಕಿ ಗಡಗಡ ಅನ್ನುತ್ತದೆ. ಆಗ ಯಾರೂ ಪೊಲೀಸರಿಗೆ ಫೋನ್ ಮಾಡುವುದಿಲ್ಲ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಲು ಹೋಗುತ್ತಾರೆ. ಹುಲಿವೇಷದ ತಾಸೆ ವಾದ್ಯ ನಮ್ಮ ಅಂಗಳಕ್ಕೇ ಬಂದು ಬಡಿಯುತ್ತದೆ, ನಾವೇ ದುಡ್ಡು ಕೊಟ್ಟು ಕುಣಿಸುತ್ತೇವೆ. ತೆಯ್ಯಂ ಕುಣಿಯುವ ಕಳಿಯಾಟ, ಭೂತದ ಕೋಲ, ಉರೂಸು, ಯಾವುದು ಸದ್ದಿಲ್ಲದೆ ಆಗುತ್ತದೆ? ಆದರೆ ಕ್ಲಬ್ಬಿನ ಹುಡುಗರು ಡಿಸೆಂಬರ್ 31ಕ್ಕೆ ಪೇಟೆ ಬೀದಿಗೆ ಬಣ್ಣದ ದೀಪ ಕಟ್ಟಿದ ಕೂಡಲೇ ಕೆಲವರಿಗೆ ತಲೆನೋವು ಶುರು. ಜೊತೆಗೆ ಸಂಸ್ಕೃತಿಯ ನೆನಪೂ ಆಗುತ್ತದೆ.

ಇದು ಕೊಚ್ಚಿಯಿಂದ ತಂದದ್ದು ಎನ್ನುತ್ತಾರೆ. ಹೌದು, ತಂದದ್ದೇ. ಫೋರ್ಟ್ ಕೊಚ್ಚಿಯಲ್ಲಿ ವರ್ಷದ ಕೊನೆಯ ನಡುರಾತ್ರಿ ಪಾಪ್ಪಾಂಜಿ ಎಂಬ ಮುದುಕನ ದೊಡ್ಡ ಬೊಂಬೆ ಸುಡುತ್ತಾರೆ. ಅದನ್ನು ನೋಡಿ ನಮ್ಮ ಹುಡುಗರೂ ಒಂದು ಸಣ್ಣ ಮುದುಕನನ್ನು ಮಾಡಿದರು. ಚೆಂಡೆಯ ಶಿಂಗಾರಿ ಮೇಳ ನಮ್ಮ ಅಜ್ಜಂದಿರ ಕಾಲದಲ್ಲಿ ಇತ್ತಾ? ನಾಸಿಕ್ ಬ್ಯಾಂಡ್ ಇತ್ತಾ? ಈಗ ಅವು ಇಲ್ಲದೆ ಒಂದು ಹೊರೆಕಾಣಿಕೆ ಮೆರವಣಿಗೆ ಹೊರಡಲಿ ನೋಡೋಣ.

ನನ್ನ ಚಿಕ್ಕಮ್ಮನ ವಿಷಯ ಹೇಳುತ್ತೇನೆ. ಬೀಡಿ ಕಟ್ಟುವವರು. ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಟ್ಟು ಬಂದರೆ ಮತ್ತೆ ಗೇಟು ದಾಟುವುದು ಮರುದಿನವೇ. ಕತ್ತಲಾದ ಮೇಲಿನ ಪೇಟೆಯನ್ನು ಅವರು ನೋಡಿದ್ದು ಮದುವೆ ರಿಸೆಪ್ಶನ್ನಿಗೆ ಹೋಗುವ ಜೀಪಿನ ಒಳಗಿನಿಂದ. ಕಳೆದ ಸಲ ಹುಡುಗರು ಬೊಂಬೆಗೆ ಹಳೆ ಬಟ್ಟೆ ಕೇಳಿಕೊಂಡು ಬಂದಾಗ ಚಿಕ್ಕಮ್ಮ ಚಿಕ್ಕಪ್ಪನದೇ ಒಂದು ಚೌಕುಳಿ ಷರಟು ಕೊಟ್ಟುಬಿಟ್ಟರು. ಜೇಬಿನ ಕೆಳಗೆ ಸಿಗರೇಟಿನ ತೂತು ಇತ್ತು. ಚಿಕ್ಕಪ್ಪ ಮಾತ್ರ 'ಸದ್ದು ಬೇಡ' ಅರ್ಜಿಗೆ ಸಹಿ ಹಾಕಿ ಮನೆಯಲ್ಲಿ ಟಿವಿ ನೋಡುತ್ತಿದ್ದರು.

ಚಿಕ್ಕಮ್ಮ ನನ್ನ ಜೊತೆ ಬಂದರು. ರಸ್ತೆ ಮಧ್ಯೆ ನಿಂತು ಗೋಬಿ ತಿಂದರು. ಕಡ್ಡಿಯಲ್ಲಿ ಚುಚ್ಚಿ ತಿನ್ನಲು ಬಾರದೆ ಕೈಯಲ್ಲೇ ತಿಂದು ಬೆರಳೆಲ್ಲ ಕೆಂಪು. ಬ್ರಾಂಚಿನಲ್ಲಿ ಪರಿಚಯವಿದ್ದ ಬ್ಯಾರಿ ಹೆಂಗಸೊಬ್ಬರು ಸಿಕ್ಕಿದರು. ಇಬ್ಬರೂ ತುಳುವಿನಲ್ಲಿ ಮಾತಾಡುತ್ತಾ ಎರಡು ಸುತ್ತು ಬಂದರು. ಹನ್ನೆರಡಕ್ಕೆ ಮುದುಕನಿಗೆ ಬೆಂಕಿ ಕೊಟ್ಟಾಗ ಚೌಕುಳಿ ಷರಟು ಮೊದಲು ಹಿಡಿಯಿತು. ಚಿಕ್ಕಮ್ಮ ಹೊಡೆದ ಶಿಳ್ಳೆ ಕೇಳಿ ನಾನು ಹಿಂದೆ ತಿರುಗಿ ನೋಡಿದೆ. ಅವರಿಗೆ ಶಿಳ್ಳೆ ಬರುತ್ತದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರೋ ವಿಡಿಯೊ ಮಾಡಿ ವಾಟ್ಸಾಪಿನಲ್ಲಿ ಹಾಕಿದ್ದರಿಂದ ಚಿಕ್ಕಪ್ಪನಿಗೆ ಷರಟಿನ ಗುರುತೂ ಸಿಕ್ಕಿತು. ಅದು ಬೇರೆ ಕಥೆ.

ಸಪ್ತಭಾಷಾ ಸಂಗಮ ಭೂಮಿ ಎಂದು ನಮ್ಮಲ್ಲಿ ಪ್ರತಿ ಭಾಷಣದಲ್ಲೂ ಹೇಳುತ್ತಾರೆ. ವೇದಿಕೆಯಲ್ಲಿ ಹೇಳಿ ಇಳಿದ ಮೇಲೆ ಕನ್ನಡದವರು ಕನ್ನಡದ ಕಾರ್ಯಕ್ರಮಕ್ಕೆ, ಮಲಯಾಳದವರು ಅವರದಕ್ಕೆ. ಎಲ್ಲರ ಭುಜ ಎಲ್ಲರಿಗೆ ತಾಗುವುದು ಬೀದಿಯಲ್ಲೇ ಅಲ್ವಾ?

ಇನ್ನು ಕಾಯಿಲೆಯವರು, ಮುದುಕರು ಎನ್ನುವ ಮಾತು. ಅರ್ಜಿಗೆ ಸಹಿ ಹಾಕಿದವರನ್ನೆಲ್ಲ ನನಗೆ ಗೊತ್ತು. ಬೆಳಿಗ್ಗೆ ಆರಕ್ಕೆ ಕೈ ಬೀಸಿಕೊಂಡು ವಾಕಿಂಗ್ ಹೋಗುವ ಗಟ್ಟಿಮುಟ್ಟು ಗಂಡಸರು! ಕಾನೂನು ತೋರಿಸುವವರು ಪೂರ್ತಿ ಓದಲಿ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಬೇಡ ಎನ್ನುವ ಶಬ್ದ ಮಾಲಿನ್ಯದ ಅದೇ ನಿಯಮದಲ್ಲಿ ಹಬ್ಬದ ಸಂದರ್ಭಕ್ಕೆ ವರ್ಷದಲ್ಲಿ 15 ದಿನದ ಮಟ್ಟಿಗೆ ರಾತ್ರಿ 12ರ ತನಕ ಸಡಿಲಿಕೆ ಕೊಡಲು ರಾಜ್ಯ ಸರಕಾರಕ್ಕೆ ಅಧಿಕಾರವಿದೆ. ನಾವು ಕೇಳುವುದು ಒಂದು ದಿನ.

ವಿರೋಧ: ಹತ್ತು ಗಂಟೆ ಅಂದರೆ ಹತ್ತು ಗಂಟೆ

ವಿರೋಧ ಬರೆಯುವವರು ಯಾರೂ ಸಿಗಲಿಲ್ಲವಂತೆ, ನನ್ನನ್ನು ಕೇಳಿದರು. ಬರೆಯುತ್ತಿದ್ದೇನೆ.

ಮೊದಲನೆಯದು ಕಾನೂನು. 2000ದ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮನೆಗಳಿರುವ ಜಾಗದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ಲಾರಿ ತುಂಬಾ ಪೆಟ್ಟಿಗೆ ಪೇರಿಸಿದ ಡಿಜೆಗೆ 45 ಎಲ್ಲಿ ಸಾಕಾಗುತ್ತದೆ? ಅದನ್ನು ಆನ್ ಮಾಡುವಾಗಲೇ ದಾಟಿರುತ್ತದೆ. ಹತ್ತು ಗಂಟೆ ಅಂದರೆ ಹತ್ತು ಗಂಟೆ. ಯಕ್ಷಗಾನಕ್ಕೆ ಇದೇ ಕಾನೂನು ತೋರಿಸಿದ್ದಾರೆ. ರಾತ್ರಿಯಿಡೀ ಆಡುತ್ತಿದ್ದ ಕಟೀಲು ಮೇಳ 2022ರಲ್ಲಿ ಕಾಲಮಿತಿಗೆ ಇಳಿಯಬೇಕಾಯಿತು. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯಲ್ಲಿ ಕುಳಿತು ಕೇಳುತ್ತೇನೆ, ಚೆಂಡೆಗೆ ಗಡಿಯಾರ ನೋಡಿ ಎಂದ ಮೇಲೆ ಡಿಜೆಗೆ ಯಾಕೆ ಬೇಡ?

ಎರಡನೆಯದು ಜಾಗ. 'ಬೀದಿ ನಮ್ಮದು' ಎನ್ನುವವರು ಯಾವ ಬೀದಿ ಎಂದು ಹೇಳಲಿ. ಆರು ಪಥದ ರಾಷ್ಟ್ರೀಯ ಹೆದ್ದಾರಿ 66 ಬಂದ ಮೇಲೆ ಪೇಟೆಯವರಿಗೆ ಉಳಿದದ್ದು ಸರ್ವಿಸ್ ರೋಡ್. ಎರಡು ಬಸ್ ಎದುರಾದರೆ ಅಲ್ಲೇ ಪಂಚಾಯಿತಿಕೆ. ನಮ್ಮ ಕಡೆಯ ರೋಗಿ ಗಂಭೀರವಾದರೆ ಮಂಗಳೂರಿಗೇ ಓಡಬೇಕು. 2020ರಲ್ಲಿ ಕೊರೊನಾ ಎಂದು ಕರ್ನಾಟಕದವರು ತಲಪಾಡಿ ಗಡಿ ಮುಚ್ಚಿದಾಗ ಆಂಬುಲೆನ್ಸ್ ನಿಂತರೆ ಏನಾಗುತ್ತದೆ ಎಂದು ಇಲ್ಲಿನ ಪ್ರತಿ ಮನೆಯವರಿಗೂ ಗೊತ್ತಾಗಿದೆ. ಆ ಸರ್ವಿಸ್ ರೋಡಿನಲ್ಲಿ ಗೋಬಿ ಗಾಡಿ, ಜನರೇಟರ್, ಕುಣಿಯುವ ಹುಡುಗರು. ದಾರಿ ಬಿಡುತ್ತಾರೆ ಎನ್ನಬಹುದು. ಆ ಸದ್ದಿನಲ್ಲಿ ಸೈರನ್ ಕೇಳಬೇಕಲ್ಲ?

ಬೆಂಕಿಯ ಬಗ್ಗೆಯೂ ಒಂದು ಮಾತು. ನೀಲೇಶ್ವರದಲ್ಲಿ 2024ರ ಅಕ್ಟೋಬರಿನಲ್ಲಿ ಕಳಿಯಾಟದ ರಾತ್ರಿ ಪಟಾಕಿ ಇಟ್ಟ ಜಾಗಕ್ಕೆ ಕಿಡಿ ತಾಗಿ ನೂರೈವತ್ತಕ್ಕೂ ಜಾಸ್ತಿ ಜನ ಗಾಯಗೊಂಡರು, ಜೀವಗಳೂ ಹೋದವು. ಅದು ಕಾರ್ನಿವಲ್ ಅಲ್ಲ, ಸಂಪ್ರದಾಯವೇ, ಗೊತ್ತಿದೆ. ಆದರೆ ಕಿಡಿಗೆ ಅದೆಲ್ಲ ಗೊತ್ತಿರುವುದಿಲ್ಲ.

ಹೆಂಗಸರಿಗೆ ಹೊರಗೆ ಬರಲು ಅದೊಂದೇ ರಾತ್ರಿ ಎಂದು ಪರ ಬರೆದವರು ಖಂಡಿತ ಬರೆದಿರುತ್ತಾರೆ. ಸಂಜೆ ಐದಕ್ಕೆ ಬಂದರೆ ಯಾರು ಬೇಡ ಅನ್ನುತ್ತಾರೆ? ಗೋಬಿ ಆಗಲೂ ಬಿಸಿಯೇ ಇರುತ್ತದೆ.

ಹುಲಿವೇಷವನ್ನು ಇದಕ್ಕೆ ಸೇರಿಸಬೇಡಿ ದಯವಿಟ್ಟು. ತಾಸೆಯವನು ಎರಡು ಸಪೂರ ಕೋಲು ಹಿಡಿದು ಬಡಿಯುತ್ತಾನೆ, ಸಂಜೆಗೆ ಬೆರಳ ಸಂದಿಯಲ್ಲಿ ಬೊಬ್ಬೆ ಎದ್ದಿರುತ್ತದೆ. ಅವನಿಗೆ ಸುಸ್ತಾದರೆ ಸದ್ದು ನಿಲ್ಲುತ್ತದೆ. ಡಿಜೆಗೆ ಸುಸ್ತು ಎಂಬುದೇ ಇಲ್ಲ.

ಶಾಲಾ ಮೈದಾನದಲ್ಲಿ ಮಾಡಿ, ಹತ್ತಕ್ಕೆ ನಿಲ್ಲಿಸಿ. ನಾನೂ ಚಂದಾ ಕೊಡುತ್ತೇನೆ. ಹುಲಿ ಬರುವುದಿದ್ದರೆ ಮಾತ್ರ ಮೊದಲೇ ಒಂದು ಫೋನ್ ಮಾಡಿ, ಮುಂದಿನ ಸಾಲಿನಲ್ಲಿ ಜಾಗ ಬೇಕು.